ಹಲ್ಲಿಗೂ ರಕ್ತಕ್ಕೂ ಏನು ಸಂಬಂಧ?

ಹಾಸನದ ಸಹೋದರಿಗೆ ನಮಸ್ಕಾರ.

ನಿಮ್ಮ ಪತ್ರ ಎರಡು ಸಲ ಓದಿದೆ. ಅಮ್ಮನಿಗೆ 64 ವರ್ಷ. ದವಡೆ ಹಲ್ಲು ಅಲ್ಲಾಡುತ್ತಿದೆ, ಕೆಳತುಟಿ ಎರಡು ತಿಂಗಳಿಂದ ಜೋಮು ಹಿಡಿದ ಹಾಗಿದೆ. ಎಕ್ಸ್‌ರೇಯಲ್ಲಿ ದವಡೆ ಮೂಳೆಯ ಮೇಲೆ ಕಪ್ಪು ಗುರುತು ಕಂಡ ಹಲ್ಲಿನ ಡಾಕ್ಟರು ಹಲ್ಲು ಕೀಳದೆ ರಕ್ತ ಪರೀಕ್ಷೆಗೆ ಬರೆದುಕೊಟ್ಟರು. "ಸುಮ್ನೆ ಖರ್ಚು ಮಾಡಿಸ್ತಿದ್ದಾರಾ?" ಅಂತ ಕೇಳಿದ್ದೀರಿ. ಇಲ್ಲಮ್ಮ, ಅವರು ಸರಿಯಾಗೇ ಹೇಳಿದ್ದಾರೆ. ಪರೀಕ್ಷೆ ಮಾಡಿಸಿ.

ರಕ್ತ ತಯಾರಾಗುವುದೇ ಮೂಳೆಯೊಳಗಿನ ಮಜ್ಜೆಯಲ್ಲಿ. ಕೆಳದವಡೆಯ ಹಿಂಭಾಗದಲ್ಲಿ ದೊಡ್ಡವರಿಗೂ ಅಂಥ ಮಜ್ಜೆ ಉಳಿದಿರುತ್ತದೆ. ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಮಜ್ಜೆಯ ಪ್ಲಾಸ್ಮಾ ಕೋಶಗಳು (ಸೋಂಕಿನ ವಿರುದ್ಧ ಪ್ರತಿಕಾಯ ತಯಾರಿಸುವ ಕೋಶಗಳು) ಮಿತಿಮೀರಿ ಬೆಳೆದು, ಮೂಳೆ ಕರಗಿಸುವ ಕೋಶಗಳನ್ನು ಕೆರಳಿಸುತ್ತವೆ. ಕಟ್ಟುವುದು ಕಮ್ಮಿ, ಕರಗುವುದು ಜಾಸ್ತಿ. ಆಗ ಎಕ್ಸ್‌ರೇಯಲ್ಲಿ ಕಾಗದಕ್ಕೆ ಪಂಚ್ ಮಾಡಿದ ಹಾಗೆ ದುಂಡನೆಯ ತೂತು ಕಾಣುತ್ತದೆ. ಕೆಳತುಟಿ ಮತ್ತು ಗದ್ದಕ್ಕೆ ಹೋಗುವ ನರ ಇದೇ ಮೂಳೆಯೊಳಗೆ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾದರೆ ತುಟಿ ಮರಗಟ್ಟುತ್ತದೆ. ನೋವಿಲ್ಲವಲ್ಲ ಅಂತ ಜನ ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ, ನನಗೆ ಸಂಕಟವಾಗುವುದು ಅಲ್ಲೇ.

ದವಡೆ ಹೀಗೆ ಸುಳಿವು ಕೊಟ್ಟಿದ್ದು ಇದೇ ಮೊದಲಲ್ಲ. 1957ರಲ್ಲಿ ಉಗಾಂಡಾದ ಕಂಪಾಲಾದಲ್ಲಿ, ಮುಲಾಗೊ ಆಸ್ಪತ್ರೆಯ ಸರ್ಜನ್ ಡೆನಿಸ್ ಬರ್ಕಿಟ್ ಒಬ್ಬ ಪುಟ್ಟ ಹುಡುಗನನ್ನು ನೋಡಿದರು. ಮೇಲೆ ಕೆಳಗೆ, ಎಡ ಬಲ, ದವಡೆಯ ನಾಲ್ಕೂ ಕಡೆ ಊತ. ಸೋಂಕು ಆಗಿದ್ದರೆ ನಾಲ್ಕೂ ಕಡೆ ಒಟ್ಟಿಗೆ ಹೇಗೆ ಬರುತ್ತದೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಇನ್ನೊಂದು ಊರಲ್ಲಿ ಅಂಥದೇ ಮಗು ಕಂಡಿತು. ಈಗ ಬರ್ಕಿಟ್ ಲಿಂಫೋಮಾ ಅಂತ ಕರೆಯುವ ಕ್ಯಾನ್ಸರ್ ಗೊತ್ತಾಗಿದ್ದು ಹಾಗೆ. ಅದು ಹೆಚ್ಚಾಗಿ ಮಕ್ಕಳ ಕಾಯಿಲೆ, ಅಮ್ಮನ ವಿಷಯವೇ ಬೇರೆ.

ಈಗಲೇ ಎದೆಗುಂದಬೇಡಿ. ದವಡೆಯ ಕಪ್ಪು ಗುರುತು ಬಹಳ ಸಲ ಹಲ್ಲಿನ ಬೇರಿನ ಕೀವೋ, ನೀರುಗುಳ್ಳೆಯೋ ಆಗಿರುತ್ತದೆ. ಆದರೆ ಕಾರಣವಿಲ್ಲದೆ ತುಟಿ ಮರಗಟ್ಟಿದ್ದರೆ ಅದನ್ನು ಬಿಡುವಂತಿಲ್ಲ. ಹಿಮೋಗ್ಲೋಬಿನ್, ಕ್ಯಾಲ್ಸಿಯಂ, ಕ್ರಿಯಾಟಿನಿನ್ ಜೊತೆಗೆ ಪ್ರೋಟೀನ್ ಎಲೆಕ್ಟ್ರೋಫೋರಿಸಿಸ್ (ಮೈಲೋಮಾ ಕೋಶಗಳು ರಕ್ತಕ್ಕೆ ಬಿಡುವ ಅಸಹಜ ಪ್ರೋಟೀನ್ ಹುಡುಕುವ ಪರೀಕ್ಷೆ) ಬರೆದಿದ್ದಾರಾ ನೋಡಿ, ಇಲ್ಲದಿದ್ದರೆ ಕೇಳಿ. ಅನುಮಾನ ಬಂದರೆ ಮಜ್ಜೆಯ ಪರೀಕ್ಷೆ ಮಾಡುತ್ತಾರೆ. ಅಮ್ಮನಿಗೆ ಬೆನ್ನು ನೋವು, ವಿಪರೀತ ಸುಸ್ತು ಇದ್ದರೆ ಅದನ್ನೂ ಹೇಳಿ. "ವಯಸ್ಸಾಯ್ತು" ಅಂತ ಅವರು ಮುಚ್ಚಿಡಬಹುದು, ಅಲ್ವಾ?

ಇನ್ನೊಂದು ಮಾತು. ಮೈಲೋಮಾ ಅಂತಲೇ ಆದರೆ ಮೂಳೆ ಗಟ್ಟಿ ಮಾಡಲು ಝೋಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಕೊಡುವುದುಂಟು. ಅದು ಶುರುವಾದ ಮೇಲೆ ಹಲ್ಲು ಕಿತ್ತರೆ ಕೆಲವರಿಗೆ ದವಡೆಯ ಗಾಯ ಮಾಯುವುದೇ ಇಲ್ಲ. ಆದ್ದರಿಂದ ಆ ಅಲ್ಲಾಡುವ ಹಲ್ಲನ್ನು ಏನು ಮಾಡಬೇಕು ಅಂತ ಹಲ್ಲಿನ ಡಾಕ್ಟರು, ಕ್ಯಾನ್ಸರ್ ಡಾಕ್ಟರು ಇಬ್ಬರೂ ಮಾತಾಡಿಕೊಂಡು ಮೊದಲೇ ತೀರ್ಮಾನಿಸಲಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ಎಕ್ಸ್‌ರೇ ಮರೆಯದೆ ಜೊತೆಗೆ ಒಯ್ಯಿರಿ. ವರದಿ ಬಂದ ಮೇಲೆ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ