ದುಬೈನಲ್ಲಿ ಒಂದು ವರ್ಷ: ಕಂಪನಿಯ ಕೆಲಸ, ಬಾಲ್ಕನಿಯ ಗಿಡ, ಹೊರಡುವ ತಿಂಗಳು

ಮೇಡಂ, ನಮಸ್ಕಾರ. ಬೆಂಗಳೂರಿನ ಕಂಪನಿಯ ಕೆಲಸವನ್ನು ಬಿಡದೆ ಒಂದು ವರ್ಷದ ಮಟ್ಟಿಗೆ ದುಬೈಗೆ ಬಂದು ಮನೆಯಿಂದಲೇ ಕೆಲಸ ಮಾಡುವ ಯೋಚನೆಯಿದೆ, ಜೂನ್‌ನಲ್ಲಿ ಹೊರಡುತ್ತೇವೆ, ತಾರಸಿಯ ಗಿಡಗಳಲ್ಲಿ ಒಂದೆರಡನ್ನಾದರೂ ಜೊತೆಗೆ ತರಬಹುದೇ ಎಂದು ಗುಂಪಿನಲ್ಲಿ ಕೇಳಿದ್ದೀರಿ. ನಾನು ಉಡುಪಿಯ ಕಡೆಯವನು. ಹನ್ನೊಂದು ವರ್ಷಗಳಿಂದ ಇಲ್ಲಿದ್ದೇನೆ ಮತ್ತು ಬಾಡಿಗೆ ಮನೆಯ ಬಾಲ್ಕನಿಯಲ್ಲಿಯೇ ಸೊಪ್ಪು ತರಕಾರಿ ಬೆಳೆದುಕೊಳ್ಳುತ್ತೇನೆ. ವೀಸಾದ ವಿಷಯಕ್ಕಿಂತ ಮೊದಲು ಒಂದು ಮಾತು ಹೇಳಬೇಕೆನಿಸುತ್ತದೆ: ಕಂಪನಿ ಒಪ್ಪುವುದಾದರೆ ಹೊರಡುವುದನ್ನು ಸೆಪ್ಟೆಂಬರ್ ಕೊನೆಗೆ ಮುಂದೂಡಿ.

ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಇಲ್ಲಿ ಹಗಲಿನ ಬಿಸಿ 40 ಡಿಗ್ರಿ ದಾಟುವುದು ದಿನನಿತ್ಯದ ಸಂಗತಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯವರೆಗೆ ಬಯಲಿನಲ್ಲಿ ಕೂಲಿ ಕೆಲಸ ಮಾಡಿಸಬಾರದೆಂದು ಸರ್ಕಾರವೇ ಕಾನೂನು ಮಾಡಿದೆ ಎಂದರೆ ಬಿಸಿಲಿನ ತೀವ್ರತೆ ನಿಮಗೆ ಅಂದಾಜಾಗಬಹುದು. ನಾನು ಬಂದ ಮೊದಲ ಆಗಸ್ಟ್‌ನಲ್ಲಿ ಉತ್ಸಾಹ ತಡೆಯಲಾರದೆ ಮೆಂತ್ಯ ಚೆಲ್ಲಿದ್ದೆ. ಎರಡೇ ದಿನದಲ್ಲಿ ಮೊಳಕೆ ಬಂತು. ನಾಲ್ಕನೆಯ ದಿನ ಮಧ್ಯಾಹ್ನ ನೋಡಿದಾಗ ಎಲ್ಲವೂ ಬುಡದಲ್ಲಿ ಬೆಂದಂತಾಗಿ ಮಲಗಿದ್ದವು. ಬಿಸಿಲಿಗಿಂತ ಹೆಚ್ಚಾಗಿ ನಾನು ಹಾಕಿದ ನೀರೇ ಅವುಗಳನ್ನು ಕೊಂದಿತ್ತು. ಕಟ್ಟಡದ ಮೇಲಿನ ಟ್ಯಾಂಕಿನಲ್ಲಿ ದಿನವಿಡೀ ಕಾಯುವ ನೀರು ತಣ್ಣೀರಿನ ನಲ್ಲಿಯಲ್ಲಿಯೂ ಕೈ ಸುಡುವಂತೆ ಬರುತ್ತದೆ. ಆದ್ದರಿಂದಲೇ ಇಲ್ಲಿನ ಮನೆಗಳಲ್ಲಿ ಬೇಸಿಗೆಯಲ್ಲಿ ಗೀಸರ್ ಆರಿಸಿಬಿಡುತ್ತಾರೆ. ಒಳಗಿರುವ ಗೀಸರ್‌ನಲ್ಲಿ ನಿಂತು ಆರಿದ ನೀರನ್ನೇ ಸ್ನಾನಕ್ಕೆ ತಣ್ಣೀರಾಗಿ ಬಳಸುತ್ತಾರೆ. ಗಿಡಗಳಿಗೆ ನಾನು ರಾತ್ರಿಯೇ ಬಕೆಟ್ ತುಂಬಿಸಿ ಎಸಿ ಕೋಣೆಯಲ್ಲಿಟ್ಟು, ಬೆಳಗ್ಗೆ ಸೂರ್ಯೋದಯಕ್ಕೆ ಮೊದಲು ಹಾಕುತ್ತೇನೆ. ಕೆಲವು ಹಳೆಯ ಕಟ್ಟಡಗಳಲ್ಲಿ ಎಸಿಯ ಪೈಪು ಬಾಲ್ಕನಿಗೇ ಬರುತ್ತದೆ, ಸೆಖೆಯ ರಾತ್ರಿಗಳಲ್ಲಿ ಒಂದು ಬಕೆಟ್ ನೀರು ಸುಲಭವಾಗಿ ಸಿಗುತ್ತದೆ. ಅದರಲ್ಲಿ ಉಪ್ಪಿನ ಅಂಶವಿಲ್ಲದಿರುವುದರಿಂದ ಗಿಡಕ್ಕೆ ಹಾಕಲು ಅಡ್ಡಿಯಿಲ್ಲ.

ಬಿತ್ತನೆಯ ಕಾಲ ಇಲ್ಲಿ ನಮ್ಮ ಊರಿನ ಮುಂಗಾರಿನ ಲೆಕ್ಕಕ್ಕೆ ಸಿಗುವುದಿಲ್ಲ. ಅಕ್ಟೋಬರ್‌ನಲ್ಲಿ ಬಿತ್ತಿದರೆ ಏಪ್ರಿಲ್‌ವರೆಗೆ ಟೊಮೆಟೊ, ಬದನೆ, ಮೆಂತ್ಯ, ಕೊತ್ತಂಬರಿ, ಪಾಲಕ್ ಎಲ್ಲವೂ ಬರುತ್ತವೆ; ಡಿಸೆಂಬರ್, ಜನವರಿಯ ಹವೆಯಂತೂ ಬೆಂಗಳೂರಿನದ್ದೇ ಎನ್ನಬಹುದು. ಬೇಸಿಗೆಯನ್ನು ದಾಟಿ ಉಳಿಯುವ ಗಿಡಗಳೆಂದರೆ ಬಸಳೆ, ಹರಿವೆ, ಕರಿಬೇವು, ನುಗ್ಗೆ, ಅದೂ ಮಧ್ಯಾಹ್ನದ ನೆರಳಿದ್ದರೆ ಮಾತ್ರ. ಮಣ್ಣನ್ನು ನರ್ಸರಿಯಲ್ಲಿ ‘ಸ್ವೀಟ್ ಸಾಯಿಲ್’ ಎಂದು ಕೇಳಿ. ಅದು ಮರಳು ಮಿಶ್ರಿತವಾಗಿರುವುದರಿಂದ ಅಷ್ಟೇ ಪ್ರಮಾಣದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಒಂದಿಷ್ಟು ಗೊಬ್ಬರ ಸೇರಿಸಬೇಕು.

ಇನ್ನು ಜೊತೆಗೆ ತರುವ ವಿಷಯ. ದಯವಿಟ್ಟು ಗಿಡವನ್ನಾಗಲಿ, ಮಣ್ಣನ್ನಾಗಲಿ ತರಬೇಡಿ. ಗಿಡ ಮತ್ತು ಬಿತ್ತನೆ ಬೀಜಗಳಿಗೆ ಇಲ್ಲಿನ ಪರಿಸರ ಸಚಿವಾಲಯದ ಆಮದು ಪರವಾನಗಿಯೂ, ಭಾರತದಲ್ಲಿ ಕೊಡುವ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ವೀಳ್ಯದೆಲೆಯ ಬಳ್ಳಿಯನ್ನು ತರುವ ಆಸೆಯಿದೆ ಎಂದು ಬರೆದಿದ್ದೀರಿ. ವೀಳ್ಯದೆಲೆ ಇಲ್ಲಿನ ಕಸ್ಟಮ್ಸ್‌ನ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿಯೇ ಇದೆ. ಅದಕ್ಕಿಂತ ಅಪಾಯಕರವಾದದ್ದು ಗಸಗಸೆ. ಅಫೀಮಿನ ಗಿಡದ ಬೀಜವೆಂಬ ಕಾರಣಕ್ಕೆ ಯುಎಇಯಲ್ಲಿ ಅದನ್ನು ಮಾದಕ ವಸ್ತುವಿನ ಸಾಲಿನಲ್ಲಿ ನೋಡುತ್ತಾರೆ, ಜೈಲಿಗೆ ಹೋಗುವ ಸಂಭವವೂ ಇದೆ. ಪೊಟ್ಟಣ ತರದಿದ್ದರೆ ಸಾಕೆಂದುಕೊಳ್ಳಬೇಡಿ. ಅಮ್ಮ ಪ್ರೀತಿಯಿಂದ ಕುಟ್ಟಿಕೊಟ್ಟ ಬಿಸಿಬೇಳೆಬಾತ್ ಪುಡಿಯಲ್ಲಿ ಗಸಗಸೆ ಬಿದ್ದಿದೆಯೇ ಎಂದು ಕೇಳಿ ತಿಳಿದುಕೊಂಡೇ ಸೂಟ್‌ಕೇಸಿಗೆ ಹಾಕಿ. ನಿದ್ರೆಯ ಮಾತ್ರೆ, ಕೊಡೀನ್ ಅಥವಾ ಟ್ರಮಡಾಲ್ ಇರುವ ನೋವಿನ ಮಾತ್ರೆಗಳಿದ್ದರೆ ಇಲ್ಲಿನ ಸರ್ಕಾರದ ಆನ್‌ಲೈನ್ ಅನುಮತಿಯನ್ನು ಮೊದಲೇ ಪಡೆಯಬೇಕು. ಮೆಂತ್ಯ, ಕೊತ್ತಂಬರಿ ಬೀಜವನ್ನು ಇಲ್ಲಿನ ಕರಾಮಾ ಬಡಾವಣೆಯ ಯಾವ ದಿನಸಿ ಅಂಗಡಿಯಲ್ಲಾದರೂ ಕೊಂಡು ಬಿತ್ತಬಹುದು, ನಾನೂ ಹಾಗೆಯೇ ಮಾಡುತ್ತೇನೆ.

ವೀಸಾದ ಬಗ್ಗೆ: ಹೊರದೇಶದ ಕಂಪನಿಗೆ ಇಲ್ಲಿ ಕುಳಿತು ಕೆಲಸ ಮಾಡುವವರಿಗೆಂದೇ ದುಬೈ 2020ರಲ್ಲಿ ಒಂದು ವರ್ಷದ ವೀಸಾ ಆರಂಭಿಸಿತು. ಮೊದಲು ತಿಂಗಳಿಗೆ 5,000 ಡಾಲರ್ ಆದಾಯ ಕೇಳುತ್ತಿದ್ದರು, ಆಮೇಲೆ ಅದನ್ನು 3,500ಕ್ಕೆ ಇಳಿಸಿದರು. ಅರ್ಜಿ ಹಾಕುವ ವಾರದಲ್ಲಿ ಅಧಿಕೃತ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ. ಕಂಪನಿಯ ಪತ್ರ, ಸಂಬಳದ ದಾಖಲೆ, ಯುಎಇಗೆ ಅನ್ವಯಿಸುವ ಆರೋಗ್ಯ ವಿಮೆ ಬೇಕಾಗುತ್ತವೆ. ಇಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲವೆಂಬುದು ನಿಜ, ಆದರೆ ಭಾರತದ ತೆರಿಗೆ ನೀವು ಅಲ್ಲಿ ಎಷ್ಟು ದಿನ ಇದ್ದಿರಿ, ಸಂಬಳ ಎಲ್ಲಿ ಜಮಾ ಆಯಿತು ಎಂಬುದನ್ನೆಲ್ಲ ಅವಲಂಬಿಸಿರುವುದರಿಂದ ಹೊರಡುವ ಮುನ್ನ ಆಡಿಟರ್ ಬಳಿ ಕುಳಿತು ಮಾತಾಡಿ.

ದಿನಚರಿ ನಿಮಗೆ ಅನುಕೂಲವಾಗಿಯೇ ಇರುತ್ತದೆ. ಇಲ್ಲಿನ ಗಡಿಯಾರ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದೆ ಇರುವುದರಿಂದ ಬೆಂಗಳೂರಿನ ಒಂಬತ್ತೂವರೆಯ ಮೀಟಿಂಗ್ ಇಲ್ಲಿ ಎಂಟಕ್ಕೆ ಆರಂಭವಾಗುತ್ತದೆ, ಸಂಜೆ ಐದಕ್ಕೆ ಕೆಲಸ ಮುಗಿಯುತ್ತದೆ. ಡಿಸೆಂಬರ್‌ನಲ್ಲಿ ಐದೂವರೆಗೇ ಸೂರ್ಯ ಮುಳುಗುವುದರಿಂದ ಆಗ ಗಿಡದ ಕೆಲಸಕ್ಕೆ ಬೆಳಗಿನ ಹೊತ್ತೇ ಸರಿ. ಜೂಮ್, ಟೀಮ್ಸ್ ಕರೆಗಳಿಗೆ ತೊಂದರೆಯಿಲ್ಲ; ವಾಟ್ಸಾಪ್‌ನಲ್ಲಿ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಅಪ್ಪ ಅಮ್ಮನ ಫೋನಿನಲ್ಲಿ ಇಲ್ಲಿ ಕರೆಗೆ ಅನುಮತಿಯಿರುವ ಬೊಟಿಮ್ ಆ್ಯಪ್ ಅಥವಾ ಜೂಮ್ ಹಾಕಿಕೊಟ್ಟು, ಅವರೇ ಕರೆ ಮಾಡುವಷ್ಟು ಅಭ್ಯಾಸ ಮಾಡಿಸಿ ಬನ್ನಿ; ವಿಮಾನ ಹತ್ತಿದ ಮೇಲೆ ಇದನ್ನು ಹೇಳಿಕೊಡುವುದು ಬಹಳ ಕಷ್ಟ. ಕಂಪನಿಯ ವಿಪಿಎನ್ ಅನ್ನು ಕಂಪನಿಯ ಕೆಲಸಕ್ಕೆ ಮಾತ್ರ ಬಳಸಿ, ನಿರ್ಬಂಧವಿರುವ ಕರೆಗಳಿಗೆ ಅದನ್ನು ಅಡ್ಡದಾರಿಯಾಗಿಸಬೇಡಿ.

ಮನೆಯನ್ನು ಮಾತ್ರ ಅವಸರದಲ್ಲಿ ಹಿಡಿಯಬೇಡಿ. ವರ್ಷದ ಬಾಡಿಗೆಯನ್ನು ಮುಂದಿನ ದಿನಾಂಕ ಬರೆದ ಚೆಕ್‌ಗಳಲ್ಲಿ ಕೇಳುವ ರೂಢಿ ಇಲ್ಲಿದೆ, ಕರಾರು ‘ಇಜಾರಿ’ ಎಂಬ ದುಬೈ ಸರ್ಕಾರದ ಬಾಡಿಗೆ ದಾಖಲೆ ವ್ಯವಸ್ಥೆಯಲ್ಲಿ ನೋಂದಣಿಯಾಗಬೇಕು. ಮೊದಲ ತಿಂಗಳು ಪೀಠೋಪಕರಣವಿರುವ ಮನೆಯಲ್ಲಿದ್ದು, ಬಾಲ್ಕನಿಯನ್ನು ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಕಣ್ಣಾರೆ ನೋಡಿದ ಮೇಲೆಯೇ ಕರಾರಿಗೆ ಸಹಿ ಹಾಕಿ. ಪೂರ್ವಕ್ಕೆ ಮುಖವಿರುವ ಬಾಲ್ಕನಿ ಉತ್ತಮ. ಪಶ್ಚಿಮದ್ದಾದರೆ ಎದುರಿನ ಗಾಜಿನ ಕಟ್ಟಡದ ಪ್ರತಿಫಲನವೂ ಸೇರಿ ಚಳಿಗಾಲದಲ್ಲಿಯೂ ಎಲೆ ಸುಡುತ್ತದೆ. ಕುಂಡಗಳ ಕೆಳಗೆ ತಟ್ಟೆ ಇಡುವುದನ್ನು ಮರೆಯಬೇಡಿ. ಕೆಳಗಿನ ಮನೆಗೆ ನೀರು ತೊಟ್ಟಿಕ್ಕಿದರೂ, ಹೊರಗೆ ಕಾಣುವಂತೆ ಬಟ್ಟೆ ಒಣಹಾಕಿದರೂ ದಂಡ ಬೀಳಬಹುದು.

ಮನೆ ಗೊತ್ತಾದ ಮೇಲೆ ಬಾಲ್ಕನಿ ಯಾವ ದಿಕ್ಕಿಗಿದೆ, ಎಷ್ಟನೆಯ ಮಹಡಿ ಎಂದು ಇಲ್ಲಿಯೇ ತಿಳಿಸಿ. ನನ್ನ ಬಸಳೆಯ ಕಡ್ಡಿಗಳನ್ನು ಸೆಪ್ಟೆಂಬರ್‌ನಲ್ಲಿಯೇ ಬೇರು ಬರಿಸಿ ನಿಮಗಾಗಿ ಎರಡು ಕುಂಡ ಎತ್ತಿಡುತ್ತೇನೆ.