ತಣಿದರೆ ಮತ್ತೆ ಚಾಲೂ ಆಗುವ ಕಾರು

ಪ್ರಶ್ನೆ: ನಮ್ಮ ತಂದೆ ಕೊಂಡ 1996ರ ಜರ್ಮನ್ ಐಷಾರಾಮಿ ಕಾರು ನನ್ನ ಬಳಿ ಇದೆ. 2.2 ಲೀಟರಿನ ಪೆಟ್ರೋಲ್ ಎಂಜಿನ್, ಕೈಯಿಂದ ಬದಲಿಸುವ ಐದು ಗೇರು. ಬೆಂಗಳೂರಿಗೆ ಹೊರಟರೆ ಗುಂಡ್ಯದವರೆಗೆ ತಕರಾರಿಲ್ಲ. ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ನಿಧಾನವಾಗಿ ಏರುವಾಗ ಎಂಜಿನ್ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹತ್ತಿಕೊಳ್ಳುವುದಿಲ್ಲ. ಅರ್ಧ ಗಂಟೆ ಕಾದರೆ ಏನೂ ಆಗದಂತೆ ಹೊರಡುತ್ತದೆ. ಪ್ಲಗ್, ಬ್ಯಾಟರಿ, ಕೊನೆಗೆ ಪೆಟ್ರೋಲ್ ಪಂಪನ್ನೂ ಬದಲಿಸಿದೆ. ಗ್ಯಾರೇಜಿಗೆ ಒಯ್ದ ದಿನ ಮಾತ್ರ ಕಾರು ಸರಿಯಾಗಿರುತ್ತದೆ. ಮಾರಿಬಿಡಿ ಎನ್ನುತ್ತಿದ್ದಾರೆ.
— ಒಬ್ಬ ಓದುಗರು, ಪುತ್ತೂರು

ಉತ್ತರ: ಮಾರಬೇಡಿ. ಬಿಸಿಯಾದಾಗ ನಿಲ್ಲುತ್ತದೆ, ತಣಿದಾಗ ಹೊರಡುತ್ತದೆ ಎಂದು ನೀವೇ ಬರೆದಿದ್ದೀರಿ. ನನ್ನ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರಿನ ಮೇಲೆ.

ಎಂಜಿನ್ನಿನ ಹಿಂಭಾಗದಲ್ಲಿ, ಎಂಜಿನ್ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲಿನ ಅಂಚಿಗೆ ಮುಖ ಮಾಡಿ ಹೆಬ್ಬೆರಳಿನಷ್ಟು ದಪ್ಪದ ಒಂದು ತುಂಡು ಕೂತಿರುತ್ತದೆ. ಅದರೊಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸುರುಳಿ. ಫ್ಲೈವೀಲ್ ತಿರುಗಿದಂತೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಮಿಡಿತ ಹುಟ್ಟುತ್ತದೆ. ಯಾವ ಗಳಿಗೆಯಲ್ಲಿ ಕಿಡಿ ಹಾರಿಸಬೇಕೆಂದು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಯುವುದು ಈ ಮಿಡಿತದಿಂದ. ಇಷ್ಟು ವರ್ಷ ಕಾದು ತಣಿದ ತಂತಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಟ್ಟರೆ, ಕಾವಿಗೆ ಅದು ಬಾಯ್ದೆರೆಯುತ್ತದೆ, ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಘಾಟಿಯ ನಿಧಾನ ಏರಿನಲ್ಲಿ ಗಾಳಿ ಸಾಲದೆ ಎಂಜಿನ್ ಕೋಣೆ ಕುದಿಯುತ್ತದೆ. ಗುಂಡ್ಯದವರೆಗೆ ಗಾಳಿ ಅದನ್ನು ಕಾಪಾಡಿರುತ್ತದೆ.

ಪಂಪಿಗೆ ನೀವು ಹಣ ತೆತ್ತದ್ದು ಏಕೆಂದು ಊಹಿಸಬಲ್ಲೆ. ಮಿಡಿತ ಬರದಿದ್ದರೆ ಎಂಜಿನ್ ತಿರುಗುತ್ತಿಲ್ಲವೆಂದು ಕಂಪ್ಯೂಟರ್ ತಿಳಿದು, ಕಿಡಿಯ ಜೊತೆಗೆ ಪಂಪನ್ನೂ ನಿಲ್ಲಿಸುತ್ತದೆ. ಆಗ ಪರೀಕ್ಷಿಸಿದವರಿಗೆ ಪಂಪೇ ಸತ್ತಂತೆ ಕಾಣುತ್ತದೆ. ಇಷ್ಟಾದರೂ ಹಳೆಯ ಕಂಪ್ಯೂಟರ್ ದೋಷದ ಸಂಕೇತವನ್ನು ದಾಖಲಿಸದೆ ಇರಬಹುದು, ಏಕೆಂದರೆ ನಿಂತಿರುವ ಎಂಜಿನ್ನಿನಿಂದ ಅದು ಮಿಡಿತವನ್ನೇ ನಿರೀಕ್ಷಿಸುವುದಿಲ್ಲ.

ಹೀಗೇ ಮೋಸಹೋದವನು ನಾನು. ಮಧ್ಯಾಹ್ನದ ಬಿಸಿಲಿನಲ್ಲಿ ಮಾತ್ರ ನಿಲ್ಲುತ್ತಿದ್ದ ವೈದ್ಯರೊಬ್ಬರ ಕಾರಿಗೆ ಊಹೆಯ ಮೇಲೆ, ಕಿಡಿಗೆ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲ್ ಬದಲಿಸಿದ್ದೆ. ವಾರದೊಳಗೆ ಕಾರು ಹಗ್ಗ ಕಟ್ಟಿಸಿಕೊಂಡು ಮರಳಿ ಬಂತು. ಕಾಯಿಲಿನ ಹಣವನ್ನು ಅವರಿಗೆ ಹಿಂತಿರುಗಿಸಿದೆ. ಅಂದಿನಿಂದ, ದೋಷ ಕಣ್ಣೆದುರು ಇರುವಾಗ ಅಳೆಯದೆ ಒಂದು ಬೋಲ್ಟನ್ನೂ ಬಿಚ್ಚಿಲ್ಲ.

ಮುಂದಿನ ಸಲ ನಿಂತಾಗ ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳನ್ನು ನೋಡಿ. ಕಾರು ಗೇರಿನಲ್ಲಿ ಇನ್ನೂ ಉರುಳುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ, ಸ್ಟಾರ್ಟರ್ ತಿರುಗಿಸಿದಾಗಲೂ ಅಲುಗಾಡದಿದ್ದರೆ, ಮಿಡಿತ ಸತ್ತಿರುವ ಸಂಭವವೇ ಹೆಚ್ಚು. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಸೆನ್ಸರ್ ಕೈಗೆ ಸಿಗುವಂತಿದ್ದರೆ ಅದರ ಮೈಮೇಲೆ ಮಾತ್ರ ಸ್ವಲ್ಪ ತಣ್ಣೀರು ಬಿಡಿ. ಪ್ಲಗ್ ತಂತಿಗಳಿಗೆ ನೀರು ತಾಗಬಾರದು. ಅರ್ಧ ಗಂಟೆ ಕಾಯದೆ ಎರಡೇ ನಿಮಿಷದಲ್ಲಿ ಹೊರಟರೆ ಅನುಮಾನ ಬಹುಮಟ್ಟಿಗೆ ನಿಜವಾಯಿತು.

ಆದರೂ ಊರಿಗೆ ಮರಳಿದ ಮೇಲೆ ಅಳೆಯಿರಿ. ಸೆನ್ಸರಿನ ತಂತಿಯ ಪ್ಲಗ್ಗು ಕಳಚಿ, ಮಲ್ಟಿಮೀಟರಿನಿಂದ ಸುರುಳಿಯ ಓಮ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ನೋಡಿ. ಈ ಬಗೆಯ ಸೆನ್ಸರಿನಲ್ಲಿ ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರದ ಆಸುಪಾಸಿನಲ್ಲಿ ಇರುತ್ತದೆ. ಸರಿಯಾದ ಅಂಕಿ ದುರಸ್ತಿ ಕೈಪಿಡಿಯಲ್ಲಿ ಸಿಗುತ್ತದೆ. ಬಳಿಕ ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಾಯಿಸುತ್ತಾ ಮೀಟರನ್ನೇ ನೋಡುತ್ತಿರಿ. ಕಾವಿಗೆ ಓಮ್ ತುಸು ಏರುವುದು ತಾಮ್ರದ ಗುಣ, ಅದಕ್ಕೆ ಹೆದರಬೇಡಿ. ಅಂಕಿ ಥಟ್ಟನೆ ಅನಂತಕ್ಕೆ ಹಾರಿದರೆ ಮಾತ್ರ ಸೆನ್ಸರ್ ಬದಲಿಸಿ. ಹಾರದಿದ್ದರೆ ಪಂಪಿಗೆ ವಿದ್ಯುತ್ ಬಿಡುವ ಸ್ವಿಚ್ಚಾದ ರಿಲೇ ಬಿಚ್ಚಿಸಿ, ಬೆಸುಗೆಯ ಸುತ್ತ ಉಂಗುರದಂತಹ ಬಿರುಕು ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿಸಿ. ಹೊಸ ಸೆನ್ಸರ್ ಹಾಕಿದರೆ ಅದರ ತಂತಿ ಹೊಗೆಕೊಳವೆಗೆ ತಾಗದಂತೆ ಹಳೆಯ ಕ್ಲಿಪ್ಪುಗಳಲ್ಲೇ ಕೂರಿಸಿ.

ಕೈಮುಗಿದು ಒಂದು ಮಾತು: ಇದು ತೀರುವವರೆಗೆ ಮನೆಯವರನ್ನು ಕೂರಿಸಿಕೊಂಡು ಘಾಟಿ ಹತ್ತಬೇಡಿ. ಎಂಜಿನ್ ನಿಂತರೆ ಸ್ಟೀರಿಂಗ್ ಕಲ್ಲಾಗುತ್ತದೆ. ಬ್ರೇಕಿಗೆ ಉಳಿಯುವ ನೆರವು ಒಂದೆರಡು ಸಲ ಒತ್ತುವಷ್ಟು ಮಾತ್ರ.

ಪ್ರಶ್ನೆ: ನನ್ನ ಹಳೆಯ ಕಾರಿನ ಕಷ್ಟ ಮಳೆಗಾಲದ ಬೆಳಗಿನದು. ಎಂಜಿನ್ ನಡುಗುತ್ತದೆ, ಕಾವೇರಿದ ಮೇಲೆ ಸರಿಹೋಗುತ್ತದೆ.
— ಇನ್ನೊಬ್ಬ ಓದುಗರು, ಶಿರಸಿ

ಉತ್ತರ: ಇದು ತೇವದ ಕೆಲಸ. ಕತ್ತಲಾದ ಮೇಲೆ ಎಂಜಿನ್ ಓಡುತ್ತಿರುವಾಗ ಬಾನೆಟ್ ತೆರೆದು, ಪ್ಲಗ್ ತಂತಿ ಮತ್ತು ಕಾಯಿಲಿನ ಮೇಲೆ ಬಾಟಲಿಯಿಂದ ಮಂಜಿನಂತೆ ನೀರು ಸಿಂಪಡಿಸಿ. ನೀಲಿ ಕಿಡಿ ಎಲ್ಲಿ ಹರಿದಾಡುತ್ತದೆಯೋ ಅಲ್ಲಿ ಹೊದಿಕೆ ಬಿರಿದಿದೆ. ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್, ಆದ್ದರಿಂದ ಕೈಗಳು ದೂರವಿರಲಿ. ತಂತಿಗಳನ್ನು ಬದಲಿಸುವುದಾದರೆ ಇಡೀ ಜೊತೆಯನ್ನೇ ಬದಲಿಸಿ.