ಗಣಿ ಒಬ್ಬರದು, ಹಿಡಿತ ಇನ್ನೊಬ್ಬರದು

ಪ್ರಶ್ನೆ: ಹಿಂದೆ ಬಲಾಢ್ಯ ರಾಷ್ಟ್ರಗಳು ಸೈನ್ಯ ನುಗ್ಗಿಸಿ, ವಸಾಹತು ಕಟ್ಟಿಕೊಂಡು ಸಂಪತ್ತನ್ನು ಹೊತ್ತೊಯ್ಯುತ್ತಿದ್ದವು. ಈಗ ಎಲ್ಲ ದೇಶಗಳೂ ಸ್ವತಂತ್ರ. ಆದರೂ ಕಾಂಗೋದ ಕೋಬಾಲ್ಟ್ ಚೀನಾದ ಕೈಯಲ್ಲಿದೆ, ಅಮೆರಿಕ ಅದಕ್ಕೆ ಪೈಪೋಟಿ ನಡೆಸುತ್ತಿದೆ ಎಂದು ಓದುತ್ತೇವೆ. ಯುದ್ಧವಿಲ್ಲದೆ ಇಂಥ ಹಿಡಿತ ಹೇಗೆ ಸಾಧ್ಯ? ಗಣಿ ಇರುವ ದೇಶ ಇದನ್ನು ತಡೆಯಲಾರದೇ?
– ಪದವಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಜಗತ್ತಿನಲ್ಲಿ ಅಗೆದು ತೆಗೆಯುವ ಕೋಬಾಲ್ಟ್‌ನಲ್ಲಿ ಸುಮಾರು ಶೇ 70ರಷ್ಟು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಮೊಬೈಲ್ ಮತ್ತು ವಿದ್ಯುತ್ ಚಾಲಿತ ವಾಹನಗಳ ಬ್ಯಾಟರಿಗೆ ಬೇಕಾಗುವ ಈ ಲೋಹ ಆ ದೇಶದ ದಕ್ಷಿಣ ಭಾಗದಲ್ಲಿ, ಕೊಲ್ವೆಜಿ ಪಟ್ಟಣದ ಸುತ್ತಮುತ್ತ, ತಾಮ್ರದ ಜೊತೆಯಲ್ಲಿಯೇ ಸಿಗುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಬೇಕಾದರೆ ಆ ಅದಿರು ಗುಂಡಿಯಿಂದ ಹೊರಟು ಯಾರ ಯಾರ ಕೈ ದಾಟಿ ಹೋಗುತ್ತದೆ ಎಂಬುದನ್ನು ನೋಡಬೇಕು.

ದೊಡ್ಡ ಕಂಪನಿಗಳ ಯಂತ್ರಗಣಿಗಳ ಜೊತೆಗೆ ಅಲ್ಲಿ ಕೈಯಿಂದ ಅಗೆಯುವವರೂ ಅಸಂಖ್ಯ ಮಂದಿ ಇದ್ದಾರೆ. ಕಿರಿದಾದ ಬಾವಿಯಂಥ ಗುಂಡಿಗೆ ಇಳಿದು ಕಪ್ಪು ಅದಿರನ್ನು ಚೀಲಕ್ಕೆ ತುಂಬಿ, ಸೈಕಲ್ ಅಥವಾ ಬೈಕಿನ ಮೇಲೆ ಹೇರಿ, ರಸ್ತೆ ಬದಿಯ ಖರೀದಿ ಮಳಿಗೆಗೆ ತರುತ್ತಾರೆ. ಅಲ್ಲಿ ಕೊಳ್ಳುವವನು ಕೈಯಲ್ಲಿ ಹಿಡಿಯುವ ಒಂದು ಪುಟ್ಟ ಯಂತ್ರವನ್ನು ಅದಿರಿಗೆ ಒತ್ತಿ, ಅದರಲ್ಲಿ ಕೋಬಾಲ್ಟ್ ಶೇಕಡ ಎಷ್ಟಿದೆ ಎಂದು ಓದುತ್ತಾನೆ. ಆ ಅಂಕಿಯ ಮೇಲೆಯೇ ದರ ನಿಗದಿಯಾಗುತ್ತದೆ. ಅಗೆದವನಿಗೆ ಪರೀಕ್ಷಿಸಿ ನೋಡಲು ಬೇರೆ ಯಂತ್ರವಿಲ್ಲ. ಮುಂದೆ ಅದಿರು ಅಲ್ಲಿಯೇ ಒಂದು ಹಂತದ ಸಂಸ್ಕರಣೆಗೊಂಡು ಕೋಬಾಲ್ಟ್ ಹೈಡ್ರಾಕ್ಸೈಡ್ ಆಗಿ, ಲಾರಿಗಳಲ್ಲಿ ಡರ್ಬನ್ ಅಥವಾ ದಾರ್ ಎಸ್ ಸಲಾಮ್ ಬಂದರಿಗೆ ಸಾಗಿ, ಹಡಗಿನಲ್ಲಿ ಚೀನಾ ಸೇರುತ್ತದೆ. ಬ್ಯಾಟರಿಗೆ ಬೇಕಾದ ಶುದ್ಧ ರೂಪ ಅದಕ್ಕೆ ಬರುವುದು ಚೀನಾದ ಕಾರ್ಖಾನೆಗಳಲ್ಲಿ. ಜಗತ್ತಿನ ಶುದ್ಧೀಕರಿಸಿದ ಕೋಬಾಲ್ಟ್‌ನ ಸುಮಾರು ನಾಲ್ಕನೇ ಮೂರು ಭಾಗ ತಯಾರಾಗುವುದು ಅಲ್ಲಿಯೇ. ಆ ಖರೀದಿ ಮಳಿಗೆಯ ಯಂತ್ರ ಯಾರ ಕೈಯಲ್ಲಿದೆಯೋ ಅವರೇ ದರ ಹೇಳುವ ಹಾಗೆ, ಶುದ್ಧೀಕರಣ, ರೈಲು, ಬಂದರು ಮತ್ತು ಸಾಲ ಯಾರ ಕೈಯಲ್ಲಿವೆಯೋ ಅವರೇ ದೇಶಕ್ಕೂ ಷರತ್ತು ಹಾಕುತ್ತಾರೆ. ಇಂದಿನ ಪೈಪೋಟಿಯ ತಿರುಳು ಇದು ಎಂದು ನನ್ನ ಅಭಿಪ್ರಾಯ.

ಬಲಪ್ರಯೋಗದ ಕಾಲ ಬಹಳ ಹಿಂದಿನದಲ್ಲ. ಬೆಲ್ಜಿಯಂನ ದೊರೆ ಎರಡನೇ ಲಿಯೋಪೋಲ್ಡ್ 1885ರಿಂದ 1908ರವರೆಗೆ ಕಾಂಗೋವನ್ನು ತನ್ನ ಖಾಸಗಿ ಆಸ್ತಿಯಂತೆ ಇಟ್ಟುಕೊಂಡು ರಬ್ಬರಿಗಾಗಿ ಜನರನ್ನು ಹಿಂಸಿಸಿದ. ಹಿರೋಶಿಮಾದ ಮೇಲೆ ಬಿದ್ದ ಬಾಂಬಿನ ಯುರೇನಿಯಂನ ಬಹುಪಾಲು ಕಟಾಂಗಾ ಪ್ರಾಂತ್ಯದ ಶಿಂಕೊಲೊಬ್ವೆ ಗಣಿಯದು. 1960ರ ಜೂನ್ 30ರಂದು ದೇಶ ಸ್ವತಂತ್ರವಾದ ಎರಡು ವಾರದೊಳಗೆ, ಬೆಲ್ಜಿಯಂನ ಬೆಂಬಲದಿಂದ ಅದೇ ಖನಿಜಸಮೃದ್ಧ ಕಟಾಂಗಾ ತಾನು ಪ್ರತ್ಯೇಕ ಎಂದು ಘೋಷಿಸಿಕೊಂಡಿತು. ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರನ್ನು 1961ರ ಜನವರಿ 17ರಂದು ಅಲ್ಲಿಗೇ ಒಯ್ದು ಕೊಲ್ಲಲಾಯಿತು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅವರಿಗೆ ವಿಷವುಣಿಸುವ ಸಂಚು ಹೂಡಿತ್ತೆಂಬುದನ್ನು 1975ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೇ ಬಯಲಿಗೆಳೆಯಿತು; ಕೊಲೆಯಲ್ಲಿ ತನ್ನ ಪಾತ್ರಕ್ಕಾಗಿ ಬೆಲ್ಜಿಯಂ 2002ರಲ್ಲಿ ಕ್ಷಮೆ ಕೇಳಿತು. ಒಂದು ದೇಶ ತನ್ನ ನಾಯಕನನ್ನು ಆರಂಭದಲ್ಲಿಯೇ ಹೀಗೆ ಕಳೆದುಕೊಂಡು, ಬಳಿಕ 1965ರಿಂದ 1997ರವರೆಗೆ ಸರ್ವಾಧಿಕಾರಿ ಮೊಬುಟುವಿನ ಲೂಟಿಯ ಆಡಳಿತವನ್ನು ಕಂಡಿತು ಎಂಬುದನ್ನು ಮರೆತು, ಇಂದಿನ ಒಪ್ಪಂದಗಳಲ್ಲಿ ಅದೇಕೆ ದುರ್ಬಲ ಎಂದು ಕೇಳುವುದು ನ್ಯಾಯವಲ್ಲ.

ಈಗಿನ ವಿಧಾನಕ್ಕೆ ಚೀನಾ ಮತ್ತು ಕಾಂಗೋ ನಡುವಿನ 2008ರ ಸಿಕೊಮೈನ್ಸ್ ಗಣಿ ಒಪ್ಪಂದ ಒಳ್ಳೆಯ ಉದಾಹರಣೆ. ರಸ್ತೆ, ಆಸ್ಪತ್ರೆ ಮೊದಲಾದ ಕಾಮಗಾರಿಗೆ 600 ಕೋಟಿ ಡಾಲರ್, ಗಣಿಗೆ 300 ಕೋಟಿ ಡಾಲರ್ ಚೀನಾದ ಕಡೆಯಿಂದ ಬರಬೇಕು, ತಾಮ್ರ ಮತ್ತು ಕೋಬಾಲ್ಟ್‌ನ ಲಾಭದಿಂದ ಸಾಲ ತೀರಬೇಕು, ಗಣಿ ಕಂಪನಿಯಲ್ಲಿ ಶೇ 68 ಚೀನಾದ ಕಂಪನಿಗಳಿಗೆ, ಶೇ 32 ಕಾಂಗೋದ ಸರ್ಕಾರಿ ಕಂಪನಿಗೆ ಸೇರಬೇಕು ಎಂಬುದು ಅದರ ಸಾರ. ಆಗ ಅಂತರರಾಷ್ಟ್ರೀಯ ಹಣಕಾಸು ನಿಧಿ ಆಕ್ಷೇಪಿಸಿತು. ಹಳೆಯ ಸಾಲ ಮನ್ನಾ ಆಗಬೇಕಿದ್ದರೆ ಹೊಸ ಸಾಲದ ಹೊರೆ ಇಳಿಯಬೇಕೆಂಬ ಒತ್ತಡಕ್ಕೆ ಮಣಿದು 2009ರಲ್ಲಿ ಒಟ್ಟು ಮೊತ್ತವನ್ನು 900 ಕೋಟಿಯಿಂದ 600 ಕೋಟಿ ಡಾಲರಿಗೆ ಇಳಿಸಲಾಯಿತು. ಆ ನಿಧಿಯಲ್ಲಿ ಮಹತ್ವದ ನಿರ್ಧಾರಗಳಿಗೆ ಶೇ 85ರಷ್ಟು ಮತ ಬೇಕು, ಅಮೆರಿಕವೊಂದರ ಬಳಿಯೇ ಶೇ 16ಕ್ಕೂ ಹೆಚ್ಚು ಮತವಿದೆ; ಹಾಗಾಗಿ ಅದು ಒಪ್ಪದೆ ಅಂಥ ನಿರ್ಧಾರ ಆಗದು. ಅಂದರೆ ಒಬ್ಬರು ಸಾಲ ಕೊಟ್ಟು ಒಳಬಂದರು, ಇನ್ನೊಬ್ಬರ ಪ್ರಭಾವ ನಿಯಮದ ಮೂಲಕ ಒಳಬಂತು. ಮಾತುಕತೆಯ ಮೇಜಿನಲ್ಲಿ ಕಾಂಗೋದ ಅಧಿಕಾರಿಗಳು ಇಬ್ಬರ ನಡುವೆ ಸಿಕ್ಕಿಕೊಂಡರು. ಇತ್ತ, ಕಾಂಗೋದ ಟೆಂಕೆ ಫುಂಗುರುಮೆ ಎಂಬ ಬೃಹತ್ ಗಣಿಯಲ್ಲಿದ್ದ ತನ್ನ ಪಾಲನ್ನು ಅಮೆರಿಕದ ಫ್ರೀಪೋರ್ಟ್ ಕಂಪನಿ 2016ರಲ್ಲಿ 265 ಕೋಟಿ ಡಾಲರಿಗೆ ಚೀನಾದ ಕಂಪನಿಗೆ ಮಾರಿತು. ಇಂದು ಅಮೆರಿಕ ಹಿಂದೆ ಬಿದ್ದಿದ್ದರೆ ಅದಕ್ಕೆ ಇಂಥ ಮಾರಾಟಗಳೂ ಕಾರಣ.

ಸಾಲಕ್ಕೆ ಅದಿರು ಎಂಬ ಏರ್ಪಾಡು ಕನ್ನಡ ನಾಡಿಗೂ ಹೊಸದಲ್ಲ. ಕುದುರೆಮುಖದ ಕಬ್ಬಿಣದ ಗಣಿ ಆರಂಭವಾದದ್ದೇ ಇರಾನಿನ ಶಾ ಆಡಳಿತ ಒಪ್ಪಿಕೊಂಡ 63 ಕೋಟಿ ಡಾಲರ್ ಸಾಲದಿಂದ. ಅದಿರು ಅವರ ಉಕ್ಕಿನ ಕಾರ್ಖಾನೆಗಳಿಗೆ ಹೋಗಬೇಕಿತ್ತು. 1979ರ ಕ್ರಾಂತಿಯ ನಂತರ ಕೊಳ್ಳುವವರೇ ಇಲ್ಲವಾದರು. ಆದರೆ ಭಾರತಕ್ಕೆ ಬೇರೆ ಗಿರಾಕಿಗಳನ್ನು ಹುಡುಕುವ ಶಕ್ತಿ ಇತ್ತು, ಮುಂದೆ ಮಂಗಳೂರಿನಲ್ಲಿ ಅದಿರಿನಿಂದ ಉಂಡೆ ಕಟ್ಟುವ ಪೆಲೆಟ್ ಕಾರ್ಖಾನೆಯನ್ನೂ ನಿಲ್ಲಿಸಲಾಯಿತು. ಒಪ್ಪಂದದ ಸ್ವರೂಪ ಒಂದೇ ಆದರೂ ಸಹಿ ಹಾಕುವ ದೇಶದ ಒಳಬಲ ಬೇರೆಯಾದರೆ ಫಲವೂ ಬೇರೆ.

ರೈಲುಮಾರ್ಗದ ಪೈಪೋಟಿಯನ್ನೂ ಗಮನಿಸಿ. ಅಂಗೋಲಾದ ಲೊಬಿಟೊ ಬಂದರಿನಿಂದ ಕಾಂಗೋ ಗಡಿಯವರೆಗಿನ ಸುಮಾರು 1,300 ಕಿ.ಮೀ. ಮಾರ್ಗವನ್ನು ಬ್ರಿಟಿಷ್ ಬಂಡವಾಳ ಕಟ್ಟಿಸಿತು, ಅಂಗೋಲಾದ ಅಂತರ್ಯುದ್ಧ ಹಾಳುಗೆಡವಿತು, ಚೀನಾದ ಕಂಪನಿ ಪುನಃ ನಿರ್ಮಿಸಿತು. ಈಗ ಅದನ್ನು ನಡೆಸುವ ಗುತ್ತಿಗೆ ಯುರೋಪಿನ ಕಂಪನಿಗಳ ಕೂಟಕ್ಕೆ 30 ವರ್ಷಗಳ ಅವಧಿಗೆ ಸಿಕ್ಕಿದ್ದು, ಅಮೆರಿಕದ ಬೆಂಬಲವೂ ಅದಕ್ಕಿದೆ. ಅದಿರು ಪಶ್ಚಿಮದ ಅಟ್ಲಾಂಟಿಕ್ ಕಡೆಗೆ ಹೋಗಬೇಕೋ ಪೂರ್ವದ ಹಿಂದೂ ಮಹಾಸಾಗರದ ಕಡೆಗೆ ಹೋಗಬೇಕೋ ಎಂಬುದೇ ಇಲ್ಲಿನ ಜಗಳ. ಪೂರ್ವದ ಕಡೆ 1970ರ ದಶಕದಲ್ಲಿಯೇ ಚೀನಾ ಬಡ್ಡಿರಹಿತ ಸಾಲ ಕೊಟ್ಟು ತಾಂಜಾನಿಯಾ–ಜಾಂಬಿಯಾ ರೈಲನ್ನು ಕಟ್ಟಿಸಿತ್ತು. ಪಾಶ್ಚಾತ್ಯರು ಲಾಭವಿಲ್ಲವೆಂದು ಕೈಬಿಟ್ಟ ಕೆಲಸ ಅದು. ಅಂದು ಗಳಿಸಿದ ಸ್ನೇಹ ಚೀನಾಕ್ಕೆ ಇಂದಿಗೂ ಫಲ ಕೊಡುತ್ತಿದೆ.

ಗಣಿ ಇರುವ ದೇಶ ಇದನ್ನು ತಡೆಯಲಾರದೇ ಎಂದು ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ತಡೆಯಬಹುದು. ಇಂಡೊನೇಷ್ಯಾ 2020ರಿಂದ ನಿಕ್ಕಲ್‌ನ ಕಚ್ಚಾ ಅದಿರಿನ ರಫ್ತನ್ನು ನಿಷೇಧಿಸಿ, ಬೇಕಾದವರು ಇಲ್ಲಿಯೇ ಕಾರ್ಖಾನೆ ಹಾಕಿ ಎಂದಿತು. ಕಾರ್ಖಾನೆಗಳು ಬಂದವು, ಉದ್ಯೋಗವೂ ಬಂತು. ಆದರೆ ಅವುಗಳಲ್ಲಿ ಬಹುಪಾಲು ಚೀನಾದ ಬಂಡವಾಳದವು, ಉರಿಯುವುದು ಕಲ್ಲಿದ್ದಲು. ಕೋಬಾಲ್ಟ್ ಬೆಲೆ ನೆಲಕಚ್ಚಿದಾಗ ಕಾಂಗೋ ಸಹ 2025ರ ಫೆಬ್ರುವರಿಯಲ್ಲಿ ರಫ್ತನ್ನೇ ನಿಲ್ಲಿಸಿ, ಅಕ್ಟೋಬರಿನಿಂದ ರಫ್ತಿಗೆ ಮಿತಿ ಹಾಕುವ ಕೋಟಾ ಪದ್ಧತಿ ತಂದಿತು. ಒಬ್ಬನೇ ದೊಡ್ಡ ಪೂರೈಕೆದಾರ ತನ್ನ ಬಲವನ್ನು ಅರಿತು ನಡೆದುಕೊಂಡ ಈ ಹೆಜ್ಜೆಯನ್ನು ನಾನು ಸರಿಯೆಂದೇ ಭಾವಿಸುತ್ತೇನೆ.

ಕಾಂಗೋ ಇಂಡೊನೇಷ್ಯಾದಷ್ಟು ಮುಂದೆ ಹೋಗಲು ಅಡ್ಡಿಯಾಗಿರುವ ಒಂದು ದೊಡ್ಡ ಕೊರತೆ ವಿದ್ಯುತ್ತು. ಕಾಂಗೋ ನದಿಯ ಇಂಗಾ ಜಲವಿದ್ಯುತ್ ಕೇಂದ್ರದಿಂದ ಕೊಲ್ವೆಜಿಯವರೆಗೆ ಸುಮಾರು 1,700 ಕಿ.ಮೀ. ಉದ್ದದ ತಂತಿಯನ್ನು ಅಮೆರಿಕದ ಸಾಲದ ನೆರವಿನಿಂದ 1982ರ ಹೊತ್ತಿಗೆ ಎಳೆಯಲಾಯಿತು. ಅದು ನೇರ ಪ್ರವಾಹದ ತಂತಿಯಾದ್ದರಿಂದ ದಾರಿಯಲ್ಲಿನ ಹಳ್ಳಿಗಳಿಗೆ ಸುಲಭವಾಗಿ ಕವಲು ತೆಗೆಯಲಾಗದು. ವಿದ್ಯುತ್ತು ಜನರ ತಲೆಯ ಮೇಲೆ ಹಾದು ನೇರ ಗಣಿಗೆ ಹೋಯಿತು. ಇಂದಿಗೂ ಆ ದೇಶದ ಐವರಲ್ಲಿ ಸುಮಾರು ನಾಲ್ವರ ಮನೆಗೆ ವಿದ್ಯುತ್ ಇಲ್ಲ, ಗಣಿಗಳಿಗೂ ಅದು ಸಾಲುತ್ತಿಲ್ಲ. ಕೊಲ್ವೆಜಿಯಲ್ಲಿಯೇ ಬ್ಯಾಟರಿ ದರ್ಜೆಯ ಕೋಬಾಲ್ಟ್ ತಯಾರಾಗಬೇಕಿದ್ದರೆ ಕೋಟಾದಿಂದ ಬರುವ ಹೆಚ್ಚುವರಿ ಹಣ ಮೊದಲು ಹೋಗಬೇಕಾದದ್ದು ವಿದ್ಯುತ್ತಿನ ಕಡೆಗೆ.